ಹರಾಜು ಪಟ್ಟಿಯ ಹದಿನಾಲ್ಕನೇ ಸಾಲಿನಲ್ಲಿರುವುದು ಮೇಜಲ್ಲ ಸ್ವಾಮಿ, ಪಿಯಾನೊ

ಮೈಸೂರಿನ ಒಂದು ಸರ್ಕಾರಿ ಸಭಾಂಗಣದ ಆಡಳಿತಾಧಿಕಾರಿಗಳಿಗೆ, ಅದರ ಸಮಿತಿಯ ಸದಸ್ಯರಿಗೆ, ಹಾಗೆಯೇ ಆ ಸಭಾಂಗಣದಲ್ಲಿ ಕೂತು ಸಂಗೀತ ಕೇಳಿದ ಊರಿನವರಿಗೆ,

ಮಾನ್ಯರೇ, ನಮಸ್ಕಾರ.

ಸಭಾಂಗಣದ ಹೆಸರನ್ನು ಬೇಕೆಂದೇ ಬರೆದಿಲ್ಲ. ಓದಿದ ಕೂಡಲೇ ನಿಮಗೆ ಗೊತ್ತಾಗುತ್ತದೆ. ಯಾರ ಮರ್ಯಾದೆ ತೆಗೆಯುವುದೂ ನನ್ನ ಉದ್ದೇಶ ಅಲ್ಲ. ಕೆಲಸ ಆದರೆ ಸಾಕು.

ಹೋದ ಮಂಗಳವಾರ ನಿಮ್ಮ ಕಚೇರಿಯ ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿದ್ದೀರಿ. ನಿರುಪಯುಕ್ತ ಪೀಠೋಪಕರಣಗಳ ಬಹಿರಂಗ ಹರಾಜು, ಬರುವ 28ನೇ ತಾರೀಖು. ಮುರಿದ ಪ್ಲಾಸ್ಟಿಕ್ ಕುರ್ಚಿಗಳು, ಬಾಗಿಲು ಹಾಕಿಕೊಳ್ಳದ ಎರಡು ಬೀರು, ತುಕ್ಕು ಹಿಡಿದ ಫ್ಯಾನುಗಳು. ಹದಿನಾಲ್ಕನೇ ಸಾಲಿನಲ್ಲಿ ಹೀಗಿದೆ: "ಮೇಜು, ಮರದ್ದು, ಕಪ್ಪು, ದೊಡ್ಡದು, 1." ಆ ಮೇಜು ನನಗೆ ಚೆನ್ನಾಗಿ ಗೊತ್ತು. ಆರಡಿ ಉದ್ದ, ಮೂರು ಕಾಲು, ಒಂದು ಕಡೆ ಬಾಗಿದ ಅಂಚು. ಅಷ್ಟು ದೊಡ್ಡ ಮೇಜಿಗೆ ಮೂರೇ ಕಾಲು ಇಡುವ ಬಡಗಿ ಯಾರಿದ್ದಾನೆ? ಅದು ಗ್ರ್ಯಾಂಡ್ ಪಿಯಾನೊ. ಅದನ್ನು ಹರಾಜಿನಿಂದ ತೆಗೆಯಿರಿ ಎಂದು ಕೇಳಲು ಈ ಪತ್ರ.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಶಿವರಾಂಪೇಟೆಯ ಒಂದು ಸಂದಿಯಲ್ಲಿ ಹಾರ್ಮೋನಿಯಂ ರಿಪೇರಿ ಅಂಗಡಿ ಇಟ್ಟಿದ್ದೇನೆ. ಅಪ್ಪನೂ ಅದೇ ಕೆಲಸ ಮಾಡುತ್ತಿದ್ದರು, ನಾಟಕ ಕಂಪನಿಗಳ ಕಾಲು ಹಾರ್ಮೋನಿಯಂ ಕಾಲದಿಂದ. ತಿದಿ ಹರಿದರೆ ಅಂಟಿಸುತ್ತೇನೆ, ರೀಡು, ಅಂದರೆ ದನಿ ಕೊಡುವ ಹಿತ್ತಾಳೆ ನಾಲಿಗೆ, ಕೆರೆದು ಶ್ರುತಿ ಕೂರಿಸುತ್ತೇನೆ. ನನಗೆ ಒಬ್ಬಳೇ ಮಗಳು, ಈಗ 23 ವರ್ಷ. ಅವಳು ಪಿಯಾನೊ ನುಡಿಸುತ್ತಾಳೆ. ಸಿನಿಮಾ ಹಾಡಿಗೆ ಕೀಬೋರ್ಡ್ ಹಿಡಿಯುವುದಲ್ಲ. ಬಾಖ್, ಬೀಥೋವನ್, ಶೋಪಾನ್ ಅನ್ನುತ್ತಾರಲ್ಲ, ಆ ಯುರೋಪಿನ ಶಾಸ್ತ್ರೀಯ ಸಂಗೀತ. "ನಿಮ್ಮ ಮನೇಲಿ ಇದೆಲ್ಲಿಂದ ಬಂತು?" ಅಂತ ಕೇಳದವರಿಲ್ಲ. ಗುಜರಿಯಿಂದ ಬಂತು. ತಮಾಷೆಗೆ ಹೇಳುತ್ತಿಲ್ಲ.

ಯಾದವಗಿರಿಯಲ್ಲಿ ಒಂದು ಹಳೇ ಬಂಗಲೆ ಕೆಡವುತ್ತಿದ್ದರು. ಅಲ್ಲಿದ್ದ ಗೋಡೆಗೆ ಒರಗಿಸುವ ಪಿಯಾನೊವನ್ನು ಗುಜರಿಯವನು ಕಬ್ಬಿಣದ ತೂಕಕ್ಕೆ ಕೊಂಡಿದ್ದ. ಒಳಗೆ ಎರಕದ ಚೌಕಟ್ಟು ಇರುತ್ತದೆ, ಅವನಿಗೆ ಅದು ಬೇಕಿತ್ತು, ಮರ ಸೌದೆಗೆ. ಹಾರ್ಮೋನಿಯಂ ಮರಕ್ಕೆ ಆದೀತು ಅಂತ ನನಗೆ ಹೇಳಿ ಕಳಿಸಿದ. ಹೋಗಿ ಮುಚ್ಚಳ ಎತ್ತಿ ಒಂದು ಮನೆ, ಅಂದರೆ ಬೆರಳಿಂದ ಒತ್ತುವ ಪಟ್ಟಿ, ಒತ್ತಿದೆ. ತಂತಿ ಸಡಿಲವಾಗಿತ್ತು, ಆದರೂ ದನಿ ನಿಂತಿತು. ನಾನು ಕೈ ತೆಗೆದ ಮೇಲೂ ಎಲ್ಲೋ ಒಳಗೆ ಗುಂಯ್ ಅನ್ನುತ್ತಿತ್ತು. ಗುಜರಿಯವನು ಕೊಟ್ಟಿದ್ದಕ್ಕಿಂತ ಎರಡು ಸಾವಿರ ಜಾಸ್ತಿ ಕೊಟ್ಟು, ಆರು ಜನ ಹಮಾಲಿಗಳ ಕೈಲಿ ಎತ್ತಿಸಿ, ಟಾಟಾ ಏಸ್‌ನಲ್ಲಿ ಮನೆಗೆ ತಂದೆ. ಹೆಂಡತಿ ಮೂರು ದಿನ ಮಾತಾಡಲಿಲ್ಲ. ಮಗಳಿಗೆ ಆಗ ಏಳು ವರ್ಷ. ಬಿಚ್ಚಿದಾಗ ಒಳಗೆ ಒಂದು ಹೇರ್‌ಪಿನ್ನು, ನಾಲ್ಕು ಹುಣಸೆ ಬೀಜ, ಇಲಿ ಗೂಡು ಸಿಕ್ಕವು. ಹುಣಸೆ ಬೀಜ ಅವಳು ಇನ್ನೂ ಇಟ್ಟುಕೊಂಡಿದ್ದಾಳೆ.

ಹಾರ್ಮೋನಿಯಂ ಮಾಡುವವನಿಗೆ ಪಿಯಾನೊ ಬರುತ್ತದೆ ಅಂದುಕೊಂಡಿದ್ದೆ. ಬರಲ್ಲ. ಹಾರ್ಮೋನಿಯಂ ಗಾಳಿಯ ವಾದ್ಯ, ಇದು ಎಳೆತದ ವಾದ್ಯ. 88 ಮನೆ, ಸುಮಾರು 230 ತಂತಿ. ಮೇಲಿನ ಸ್ವರಗಳಿಗೆ ತಲಾ ಮೂರು ತಂತಿ, ಮಂದ್ರದ ಕೊನೆಗೆ ಒಂದೊಂದೇ. ಎಲ್ಲ ತಂತಿಗಳ ಎಳೆತ ಸೇರಿದರೆ 18ರಿಂದ 20 ಟನ್ ಆಗುತ್ತದೆ. ಕಬ್ಬು ತುಂಬಿದ ದೊಡ್ಡ ಲಾರಿಯ ಭಾರವನ್ನು ಒಂದು ಪೆಟ್ಟಿಗೆ ಹಗಲೂ ರಾತ್ರಿ ತಡೆದುಕೊಂಡು ನಿಂತಿರುತ್ತದೆ. ಬೆಂಗಳೂರಿನಲ್ಲಿ ಪಿಯಾನೊ ಶ್ರುತಿ ಮಾಡುವ ಹಿರಿಯರೊಬ್ಬರ ಹಿಂದೆ ಎರಡು ವರ್ಷ ಭಾನುವಾರ ಭಾನುವಾರ ಅಲೆದು ಕಲಿತೆ. ಅವರು ಬಂದು ನಮ್ಮ ಪಿಯಾನೊ ನೋಡಿ, "ತಂತಿ ಬಿಗಿಯುವ ಪಿನ್ನುಗಳ ಹಿಡಿತ ಸಡಿಲ ಆಗಿದೆ, ಪೂರ್ತಿ ಎಳೀಬೇಡಿ, ಅರ್ಧ ಸ್ವರ ಕೆಳಗೇ ಇಡಿ" ಅಂದರು. ಹಾಗೇ ಇಟ್ಟೆ.

ಅದರ ಫಲ ಮಗಳು ಉಂಡಳು. ಆ ಸಂಗೀತದಲ್ಲಿ ಸ್ವರಗಳಿಗೆ ಎ, ಬಿ, ಸಿ ಅಂತ ಹೆಸರು. ನಮ್ಮ ಮನೆಯಲ್ಲಿ ಸಿ ಒತ್ತಿದರೆ ಕೇಳುವುದು ಅದರ ಕೆಳಗಿನ ಬಿ. ಅವಳ ಕಿವಿ ಅದಕ್ಕೇ ಒಗ್ಗಿತು. ಬೆಂಗಳೂರಿನ ಟೀಚರ್ ಮನೆಯಲ್ಲಿ ಸರಿಯಾದ ಪಿಯಾನೊ ಮುಂದೆ ಕೂತಾಗ ಬೆರಳು ಒಂದು ಹೇಳುತ್ತಿತ್ತು, ಕಿವಿ ಇನ್ನೊಂದು. ಹನ್ನೊಂದು ವರ್ಷದ ಹುಡುಗಿ ಅಲ್ಲೇ ಅತ್ತಳು.

ಇನ್ನೊಂದು ಕತೆ ಮಳೆಗಾಲದ್ದು. ಜೂನ್ ಬಂತೆಂದರೆ ಮರ ನೀರು ಕುಡಿದು ಊದಿಕೊಳ್ಳುತ್ತದೆ. ನಡುವಿನ ಎಫ್ ಮನೆ ಒತ್ತಿದರೆ ಕೆಳಗೇ ಕೂತುಬಿಡುತ್ತಿತ್ತು. ನಾನು ಎಷ್ಟು ಉಜ್ಜಿದರೂ ವಾರ ಬಿಟ್ಟು ಮತ್ತೆ ಅದೇ. ಅವಳೇ ಒಂದು ಉಪಾಯ ಕಂಡುಕೊಂಡಳು. ಎಫ್ ಒತ್ತಿ, ಬಿಡುವಾಗ ಉಗುರಿನಿಂದ ಅದನ್ನು ಮೇಲಕ್ಕೆ ಚಿಮ್ಮುವುದು. ಎಷ್ಟು ಚುರುಕಾಗಿ ಅಂದರೆ ಪಕ್ಕದಲ್ಲಿ ಕೂತ ನನಗೇ ಕಾಣುತ್ತಿರಲಿಲ್ಲ. ಟೀಚರ್‌ಗೆ ಕಂಡಿತು. "ಎಫ್ ಬಂದಾಗಲೆಲ್ಲ ಈ ಬೆರಳು ಯಾಕೆ ಹೀಗೆ ಕೊಂಕುತ್ತೆ?" ಅಂತ ಕೇಳಿದರು. ಆ ಚಟ ಬಿಡಿಸಲು ಒಂದೂವರೆ ವರ್ಷ ಹಿಡಿಯಿತು. ಮಗು ವಾದ್ಯವನ್ನು ಮಾತ್ರ ಕಲಿಯುವುದಿಲ್ಲ, ವಾದ್ಯದ ರೋಗವನ್ನೂ ಕಲಿಯುತ್ತದೆ. ನಿಮ್ಮ ಕಡತದಲ್ಲಿ ಈ ಸಂಗತಿಗೆ ಜಾಗ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹತ್ತು ವರ್ಷ, ವಾರಕ್ಕೊಂದು ಸಲ ಅವಳು ಬೆಂಗಳೂರಿಗೆ ಹೋಗಿ ಬಂದಳು. ಒಂದು ಗಂಟೆ ಪಾಠಕ್ಕೆ ಇಡೀ ದಿನ. ಮೊದಮೊದಲು ನಾನು ಜೊತೆಗೆ ಹೋಗುತ್ತಿದ್ದೆ. ರೈಲಿನಲ್ಲಿ ಸುಮ್ನೆ ಕೂರುವ ಹುಡುಗಿಯಲ್ಲ. ತೊಡೆಯ ಮೇಲೆ ಎರಡೂ ಕೈ ಇಟ್ಟು ಸ್ಕೇಲು, ಅಂದರೆ ಆರೋಹಣ ಅವರೋಹಣ, ಓಡಿಸುತ್ತಿದ್ದಳು. ಒಂದು ಸಲ ಮಂಡ್ಯದಲ್ಲಿ ಹತ್ತಿದ ಅಜ್ಜಿಯೊಬ್ಬರು ಎದುರು ಕೂತು ಬಹಳ ಹೊತ್ತು ಆ ಕೈಗಳನ್ನೇ ನೋಡಿದರು. ಆಮೇಲೆ ನನ್ನ ಕಡೆ ಬಾಗಿ, "ಪಾಪ, ಮಗೀಗೆ ನರದ ತೊಂದ್ರೆನಾ?" ಅಂತ ಕೇಳಿದರು. ಪಿಯಾನೊ ಪಾಠ ಅಂತ ಹೇಳಿದೆ. ಅವರಿಗೆ ನಂಬಿಕೆ ಬರಲಿಲ್ಲ. ಸೆರಗಿನ ಗಂಟು ಬಿಚ್ಚಿ ಅವಳ ಹಣೆಗೆ ವಿಭೂತಿ ಇಟ್ಟು ರಾಮನಗರದಲ್ಲಿ ಇಳಿದುಹೋದರು.

ಪರೀಕ್ಷೆಗಳ ವಿಷಯ ಬೇಗ ಮುಗಿಸುತ್ತೇನೆ. ಕರ್ನಾಟಕ ಸಂಗೀತಕ್ಕೆ ಜೂನಿಯರ್, ಸೀನಿಯರ್, ವಿದ್ವತ್ ಇದ್ದ ಹಾಗೆ ಇದಕ್ಕೆ ಲಂಡನ್ನಿನ ಸಂಸ್ಥೆಗಳು ನಡೆಸುವ ಎಂಟು ಗ್ರೇಡುಗಳಿವೆ. ಅದರ ಮೇಲೆ ಡಿಪ್ಲೊಮಾಗಳು. ಮೂರು ಕೃತಿ, ಸ್ಕೇಲುಗಳು, ನೋಡದ ಹಾಳೆಯನ್ನು ನೋಡಿದ ಕೂಡಲೇ ನುಡಿಸುವುದು, ಕೇಳಿಸಿದ್ದನ್ನು ಗುರುತಿಸಿ ಹಾಡುವುದು. ಅವಳು ಬರೆದ ಕಡೆ ಆರನೇ ಗ್ರೇಡಿಗೆ ಹೋಗಬೇಕಾದರೆ ಐದನೇ ಗ್ರೇಡಿನ ಥಿಯರಿ ಪಾಸಾಗಿರಬೇಕು. ಕೇಳುವ ಪರೀಕ್ಷೆಯಲ್ಲಿ ಅವಳು ಯಾವತ್ತೂ ಹಿಂದೆ ಬೀಳಲಿಲ್ಲ. ಹುಟ್ಟಿದಾಗಿನಿಂದ ರೀಡು ಕೆರೆಯುವ ಸದ್ದು ಕೇಳಿ ಬೆಳೆದವಳು. ಹಾಳೆ ನೋಡಿ ನುಡಿಸುವುದರಲ್ಲಿ ತಡವರಿಸುತ್ತಿದ್ದಳು. ಕೊನೆಯ ಗ್ರೇಡಿನ ಶುಲ್ಕ ನನ್ನ ಅಂಗಡಿಯ ಎರಡು ತಿಂಗಳ ಬಾಡಿಗೆಗೆ ಸಮ. ಹೆಂಡತಿ ಚೀಟಿ ಎತ್ತಿ ಕಟ್ಟಿದಳು. ಪಿಯಾನೊ ತಂದ ದಿನ ಮಾತು ಬಿಟ್ಟವಳು ಅವಳೇ, ಅದನ್ನೂ ಹೇಳಬೇಕು.

ಇನ್ನು ನಿಮ್ಮ ಸಭಾಂಗಣಕ್ಕೆ ಬರುತ್ತೇನೆ. ಮೊದಲು ಒಂದು ಸಣ್ಣ ಲೆಕ್ಕ. ವೈಣಿಕರು ವೀಣೆ ಹೊತ್ತು ಬರುತ್ತಾರೆ. ಮೃದಂಗದವರು, ಪಿಟೀಲಿನವರು, ಘಟದವರು ಅವರವರ ವಾದ್ಯ ಅವರೇ ತರುತ್ತಾರೆ. ತಮ್ಮ ವಾದ್ಯದ ಮೈ ಅವರಿಗೆ ಗೊತ್ತು. ಪಿಯಾನೊದವರು ಬರಿಗೈಲಿ ಬರುತ್ತಾರೆ. ಇನ್ನೂರು, ಮುನ್ನೂರು ಕಿಲೊ ಪೆಟ್ಟಿಗೆಯನ್ನು ಹೊತ್ತು ತಿರುಗಲು ಆಗಲ್ಲ. ಸಭಾಂಗಣ ಏನು ಕೊಡುತ್ತದೋ ಅದರ ಮೇಲೆ ನುಡಿಸಬೇಕು. ಆದ್ದರಿಂದ ಬೇರೆ ಯಾವ ವಾದ್ಯಕ್ಕೂ ಇಲ್ಲದ ಒಂದು ಹೊಣೆ ಈ ವಾದ್ಯದ ವಿಷಯದಲ್ಲಿ ಸಭಾಂಗಣದ ಮೇಲೆ ಬೀಳುತ್ತದೆ. ಮೈಕು, ದೀಪ, ಕುರ್ಚಿ ಕೊಡುವ ಹಾಗೆ ಪಿಯಾನೊ ಕೊಡಬೇಕು. ಮೈಸೂರಿನಲ್ಲಿ ಹೊಸದು ಕೊಂಡುಕೊಳ್ಳಿ ಅಂತ ಕೇಳುತ್ತಿಲ್ಲ. ನಿಮ್ಮ ಹತ್ತಿರ ಆಗಲೇ ಒಂದು ಇದೆ.

ಅದನ್ನು ನಾನು ಮೊದಲು ನೋಡಿದ್ದು ಎಂಟು ವರ್ಷದ ಹಿಂದೆ. ಒಂದು ಪೌರಾಣಿಕ ನಾಟಕದವರ ಹಾರ್ಮೋನಿಯಂ ಪ್ರದರ್ಶನದ ದಿನವೇ ಕೈಕೊಟ್ಟಿತ್ತು, ಓಡಿಬಂದೆ. ಬಣ್ಣದ ಕೋಣೆಯ ಪಕ್ಕದ ಸಾಮಾನು ಕೋಣೆಯಲ್ಲಿ, ಹಸಿರು ಬಟ್ಟೆಯ ಕೆಳಗೆ ಅದು ಇತ್ತು. ಮೇಲೆ ಹಾರದ ತಟ್ಟೆಗಳು, ಹಂಚಿ ಉಳಿದ ಸ್ಮರಣಿಕೆಗಳು, ದೊಡ್ಡ ಸ್ಟೀಲ್ ಫ್ಲಾಸ್ಕು. ಒಂದು ಕಾಲಿನ ಗಾಲಿ ಹೋಗಿ ಇಟ್ಟಿಗೆ ಕೊಟ್ಟಿದ್ದರು. ಚಹಾ ಲೋಟದ ಉಂಗುರದ ಕಲೆಗಳು ಎಣಿಸಲಾರದಷ್ಟು. ಆಮೇಲೆ ಕೆಲಸಕ್ಕೆ ಬಂದಾಗಲೆಲ್ಲ ಅದನ್ನು ನೋಡಿಕೊಂಡು ಹೋಗುವುದು ರೂಢಿಯಾಯಿತು. ಒಮ್ಮೆ ವಾಚ್‌ಮನ್ ಎದುರಲ್ಲೇ ಮುಚ್ಚಳ ಎತ್ತಿ, ಮೊಬೈಲ್ ಬೆಳಕಿನಲ್ಲಿ ಅರ್ಧ ಗಂಟೆ ಒಳಗೆ ನೋಡಿದೆ. ಹನ್ನೊಂದು ತಂತಿ ತುಂಡಾಗಿವೆ. ಸುತ್ತಿಗೆಗಳ ಫೆಲ್ಟನ್ನು ನುಸಿ ತಿಂದಿದೆ. ಪೆಡಲಿನ ಕಡ್ಡಿ ಕಳಚಿದೆ. ಅಷ್ಟೇ. ತಂತಿಗಳ ಕೆಳಗಿನ ಹಲಗೆ ಇದೆಯಲ್ಲ, ದನಿ ಹುಟ್ಟುವ ಜಾಗ, ಅದರಲ್ಲಿ ಒಂದೇ ಒಂದು ಸೀಳು, ಅದೂ ಅಂಚಿನಲ್ಲಿ. ಪಿನ್ನುಗಳು ಬಿಗಿ. ಗೆದ್ದಲು ಇಲ್ಲ. ನಮ್ಮ ಮನೆಯ ಪಿಯಾನೊ ಇದರ ಮುಂದೆ ಮುದಿ ಎತ್ತು. ನಿರುಪಯುಕ್ತ ಅಂತ ಬರೆದವರು ಅದರ ಮುಚ್ಚಳ ಎತ್ತಿ ನೋಡಿರಲಿಕ್ಕಿಲ್ಲ.

ನಾಲ್ಕು ವರ್ಷದ ಹಿಂದೆ ನಿಮ್ಮಲ್ಲೇ ಯುವ ಕಲಾವಿದರ ಒಂದು ಸಂಜೆ ಇತ್ತು. ಮಗಳು ಅರ್ಜಿ ಹಾಕಿದಳು. ಅರ್ಜಿಯಲ್ಲಿ ಕಲಾ ಪ್ರಕಾರ ಅನ್ನುವ ಕಡೆ ಗಾಯನ, ವೀಣೆ, ಪಿಟೀಲು, ಕೊಳಲು, ತಾಳವಾದ್ಯ, ಸುಗಮ ಸಂಗೀತ ಇದ್ದವು. "ಪಿಯಾನೊಗೆ ಕಲಂ ಇಲ್ಲಮ್ಮ" ಅಂತ ಗುಮಾಸ್ತರು ಅವರೇ ಸುಗಮ ಸಂಗೀತಕ್ಕೆ ಗುರುತು ಹಾಕಿ, ಪಕ್ಕದಲ್ಲಿ ವಾದ್ಯ ಅಂತ ಬರೆದರು. ಒಳ್ಳೆಯ ಮನುಷ್ಯ, ತಪ್ಪು ಅವರದ್ದಲ್ಲ. ವಾದ್ಯದ ವ್ಯವಸ್ಥೆ ಮಾಡುತ್ತೇವೆ ಅಂತ ಫೋನಿನಲ್ಲಿ ಹೇಳಿದರು. ಅವಳು ಆರು ತಿಂಗಳು ಒಂದು ಕೃತಿ ಸಿದ್ಧ ಮಾಡಿದಳು. ಅದರ ವಿಷಯ ಮುಂದೆ ಹೇಳುತ್ತೇನೆ.

ಆ ಸಂಜೆ ವೇದಿಕೆ ಮೇಲೆ ಇದ್ದದ್ದು 61 ಮನೆಯ ಬಾಡಿಗೆ ಕೀಬೋರ್ಡು. ಕತ್ತರಿ ಸ್ಟ್ಯಾಂಡು ಮುಟ್ಟಿದರೆ ಅಲ್ಲಾಡುತ್ತಿತ್ತು. ಅವಳ ಕೃತಿಗೆ ಬೇಕಾದ ಮಂದ್ರ ಸ್ವರಗಳು ಅದರಲ್ಲಿ ಇರಲೇ ಇಲ್ಲ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಗಟ್ಟಿ ಒತ್ತಿದರೆ ಗಟ್ಟಿ ಕೇಳುವುದು ಪಿಯಾನೊದ ಜೀವ. ಆ ಕೀಬೋರ್ಡಿನಲ್ಲಿ ಹೇಗೆ ಒತ್ತಿದರೂ ಒಂದೇ. ಅವಳು ನಿಂತಲ್ಲೇ ಕಾರ್ಯಕ್ರಮ ಬದಲಿಸಿದಳು. ಐದು ಸ್ಥಾಯಿಯ ಒಳಗೆ ಕೂರುವ ಬಾಖ್‌ನ ಇನ್ವೆನ್ಷನ್ ಎಂಬ ಎರಡು ಪುಟ್ಟ ಕೃತಿ ನುಡಿಸಿದಳು. ನಿರೂಪಕಿ ಮೈಕಿನಲ್ಲಿ ಹೇಳಿದ್ದು, "ಈಗ ಕುಮಾರಿಯವರಿಂದ ಕ್ಯಾಸಿಯೋ ವಾದನ." ಮುಗಿದಾಗ ಮುಂದಿನ ಸಾಲಿನಿಂದ ಒಬ್ಬರು, "ಒಂದು ಭಾವಗೀತೆ ಆಗ್ಲಿ ಕಣಮ್ಮ" ಅಂದರು. ಅವಳು ನಗುತ್ತಾ ಒಂದು ಭಾವಗೀತೆಯನ್ನೂ ನುಡಿಸಿ ಇಳಿದಳು. ಚಪ್ಪಾಳೆ ಅದಕ್ಕೇ ಜಾಸ್ತಿ ಬಂತು. ಗೋಡೆಯ ಆಚೆ, ಹೆಚ್ಚೆಂದರೆ ಮೂವತ್ತು ಹೆಜ್ಜೆ ದೂರದಲ್ಲಿ, ನಿಜವಾದ ಪಿಯಾನೊ ಫ್ಲಾಸ್ಕು ಹೊತ್ತುಕೊಂಡು ನಿಂತಿತ್ತು. ಅತಿಥಿಗಳಿಗೆ ಚಹಾ ಅಲ್ಲಿಂದಲೇ ಬಂತು.

ಅದಾದ ಮೇಲೆ ಮೂರು ಅರ್ಜಿ ಕೊಟ್ಟಿದ್ದೇನೆ. ಸ್ವೀಕೃತಿ ಮುದ್ರೆ ಹಾಕಿದ ಪ್ರತಿಗಳು ನನ್ನಲ್ಲಿವೆ. ಕೂಲಿ ಇಲ್ಲದೆ ಸರಿಮಾಡಿಕೊಡುತ್ತೇನೆ, ತಂತಿ, ಫೆಲ್ಟಿನ ಖರ್ಚು ಮಾತ್ರ ಕೊಡಿ ಎಂದು ಕೇಳಿದ್ದೆ. ಮೊದಲನೇ ಸಲ "ಮೇಲಿನವರಿಗೆ ಕಳಿಸಿದ್ದೇವೆ" ಅಂದರು. ಎರಡನೇ ಸಲ ಅಧಿಕಾರಿಗಳು ಬದಲಾಗಿದ್ದರು. ಮೂರನೇ ಸಲ ಸಾಮಾನುಗಳ ಲೆಕ್ಕ ಬರೆದಿಡುವ ಡೆಡ್ ಸ್ಟಾಕ್ ರಿಜಿಸ್ಟರ್ ತೆಗೆದು ತೋರಿಸಿದರು. ಯಾವ ಕಾಲದಲ್ಲೋ ಯಾರೋ ಅದನ್ನು ಪೀಠೋಪಕರಣದ ಪುಟದಲ್ಲಿ, ಭಾಷಣದ ಸ್ಟ್ಯಾಂಡು ಮತ್ತು ಬೆಂಚುಗಳ ನಡುವೆ ಬರೆದಿದ್ದಾರೆ. "ಇದು ಮೇಜು ಅಂತ ಇದೆ. ಮೇಜಿಗೆ ತಂತಿ ಹಾಕಿಸೋಕೆ ದುಡ್ಡು ಹೇಗೆ ಕೇಳೋದು, ಆಡಿಟ್ ಬರುತ್ತೆ" ಅಂದರು. ನಗು ಬಂತು, ನಗಲಿಲ್ಲ. ಅವರು ನಿಜವಾಗಿಯೂ ಕಷ್ಟದಲ್ಲಿದ್ದರು. ಆದರೆ ನೋಡಿ, ರಿಪೇರಿ ಮಾಡಲು ಅಡ್ಡ ಬಂದ ಆ ಒಂದು ಪದ ಹರಾಜು ಹಾಕಲು ಅಡ್ಡ ಬರಲಿಲ್ಲ.

"ಇದು ನಮ್ಮ ಸಂಗೀತ ಅಲ್ಲವಲ್ಲ" ಅನ್ನುವ ಮಾತನ್ನೂ ನಿಮ್ಮಲ್ಲಿ ಒಬ್ಬರು ಹೇಳಿದರು. ಬೇರೆ ಊರಿನಲ್ಲಿ ಹೇಳಿದ್ದರೆ ಸುಮ್ಮನಿರುತ್ತಿದ್ದೆ. ಮೈಸೂರಿನಲ್ಲಿ ಕೂತು ಹೇಳುವ ಮಾತಾ ಇದು? ಜಯಚಾಮರಾಜ ಒಡೆಯರ್ ಅವರಿಗೆ ಕಛೇರಿ ಕೊಡುವ ಪಿಯಾನೊ ವಾದಕ ಆಗಬೇಕೆಂಬ ಆಸೆ ಇತ್ತು. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆಯೂ ದೊಡ್ಡಪ್ಪನೂ ತೀರಿಕೊಂಡು, 21ನೇ ವಯಸ್ಸಿಗೆ ಸಿಂಹಾಸನ ಏರಬೇಕಾಯಿತು. ಆ ಆಸೆ ಅಲ್ಲಿಗೆ ನಿಂತಿತು. ಸಂಗೀತ ಬಿಡಲಿಲ್ಲ. ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರರು ವಯಸ್ಸಾಗಿ, ಹೆಚ್ಚಿನವರು ಮರೆತು ಕೂತಿದ್ದ ಕಾಲದಲ್ಲಿ, ಅವರ ಕೃತಿಗಳು ಅವರದ್ದೇ ಕೈಯಲ್ಲಿ ರೆಕಾರ್ಡ್ ಆಗಲಿ ಎಂದು ಹಣ ಕೊಟ್ಟವರು ನಮ್ಮ ಮಹಾರಾಜರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು (ವಾದ್ಯವೃಂದದ ಜೊತೆ ನುಡಿಸುವ ಕೃತಿ) ಅವರಿಗೆ ಅರ್ಪಿಸಿದ್ದಾರೆ. ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿ ಎಂಬ ಲಂಡನ್ನಿನ ಸಂಗೀತ ಸಂಸ್ಥೆಯ ಮೊದಲ ಅಧ್ಯಕ್ಷರೂ ನಮ್ಮ ಮಹಾರಾಜರೇ. ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳನ್ನು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಹಾಡಿದಾಗ, ಆ ಕಛೇರಿಯ ಖರ್ಚಿಗೆ ಹೆಗಲು ಕೊಟ್ಟವರೂ ಅವರೇ. ಇದೇ ಕೈ ಶ್ರೀವಿದ್ಯಾ ಅಂಕಿತದಲ್ಲಿ 94 ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿತು. ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ.

ಮಗಳು ಆ ಸಂಜೆಗೆ ಸಿದ್ಧ ಮಾಡಿದ್ದ ಕೃತಿ ಮೆಟ್ನರ್ ಅವರದ್ದೇ, ನೆನಪು ಎಂಬ ಅರ್ಥದ ಹೆಸರಿನ ಒಂದು ಸೊನಾಟಾ, ಅಂದರೆ ಒಂಟಿ ಪಿಯಾನೊಗೆ ಬರೆದ ದೊಡ್ಡ ಕೃತಿ. ಮೈಸೂರಿನ ದುಡ್ಡಿನಿಂದ ಉಳಿದ ಸಂಗೀತವನ್ನು ಮೈಸೂರಿನವರಿಗೆ ಕೇಳಿಸಬೇಕು ಅಂತ ಅವಳಿಗೆ ಹಟ ಇತ್ತು. ಬಹಳ ಮೆಲ್ಲಗೆ, ತನ್ನಷ್ಟಕ್ಕೆ ಗುನುಗುವ ಹಾಗೆ ಶುರುವಾಗುತ್ತದೆ. ಆ ಗುನುಗು ಕಟ್ಟಕಡೆಗೆ ಮತ್ತೆ ಬರುತ್ತದೆ. ನಾನು ಹಾರ್ಮೋನಿಯಂ ಮನುಷ್ಯ, ನನಗೆ ಆ ಸಂಗೀತದ ವ್ಯಾಕರಣ ಗೊತ್ತಿಲ್ಲ. ಆದರೆ ನಮ್ಮ ಹಾಲಿನಲ್ಲಿ ಆರು ತಿಂಗಳು ಅದನ್ನು ಕೇಳಿದ್ದೇನೆ. ಎಡಗೈಯ ನಾಲ್ಕನೇ ಬೆರಳಿಗೆ ಒಂದು ಜಾಗ ಕೈಗೆ ಹತ್ತುತ್ತಿರಲಿಲ್ಲ. ಒಂದೇ ಸಾಲು, ಒಂದು ಕೈ, ನಿಧಾನವಾಗಿ ಹತ್ತು ಸಲ. ಸ್ವಲ್ಪ ವೇಗವಾಗಿ ಹತ್ತು ಸಲ. ತಪ್ಪಿದರೆ ಮತ್ತೆ ಒಂದರಿಂದ. ಎಣಿಕೆಗೆ ಹುಣಸೆ ಬೀಜ ಎಡದಿಂದ ಬಲಕ್ಕೆ ಸರಿಸುತ್ತಿದ್ದಳು. ಒಗ್ಗರಣೆ ಹಾಕುತ್ತಿದ್ದ ಅವಳ ಅಮ್ಮ ಅಡುಗೆಮನೆಯಿಂದಲೇ, "ಈಗ ಸರಿ ಬಂತು ನೋಡು" ಅನ್ನುವಷ್ಟು ಆ ಸಾಲು ಮನೆಯವರಿಗೆಲ್ಲ ಬಾಯಿಪಾಠ ಆಗಿತ್ತು. ಅದನ್ನು ಈ ಊರು ಇವತ್ತಿಗೂ ಕೇಳಿಲ್ಲ.

ನಮ್ಮದು, ಪರರದ್ದು ಅನ್ನುವ ಗೆರೆಯ ಬಗ್ಗೆ ನನಗೆ ಸ್ವಲ್ಪ ಅನುಭವ ಇದೆ. ನನಗೆ ಅನ್ನ ಕೊಡುವ ಹಾರ್ಮೋನಿಯಂ ಪೆಟ್ಟಿಗೆಯನ್ನೇ ಆಕಾಶವಾಣಿ 1940ರಲ್ಲಿ ಹೊರಗಿಟ್ಟಿತ್ತು. ಗಮಕ ಬರಲ್ಲ, ಪರದೇಶದ್ದು ಅಂತ. ಆ ಬಾಗಿಲು ಮತ್ತೆ ತೆರೆಯಲು ಮೂವತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಹಾರ್ಮೋನಿಯಂ ಇಲ್ಲದ ಭಜನೆ, ಹಾರ್ಮೋನಿಯಂ ಇಲ್ಲದ ನಾಟಕ ಈ ಸೀಮೆಯಲ್ಲಿ ನಡೆದಿತ್ತಾ? ಪಿಟೀಲು ಎಲ್ಲಿಂದ ಬಂತು? ಬಿಡಾರಂ ಕೃಷ್ಣಪ್ಪನವರ ಶಿಷ್ಯ, ನಮ್ಮ ತಿರುಮಕೂಡಲಿನ ಚೌಡಯ್ಯನವರು ಅದಕ್ಕೆ ಮೂರು ತಂತಿ ಸೇರಿಸಿ ಏಳು ಮಾಡಿಕೊಂಡರು. ಅವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ ಇದೆ. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿಗೆ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ. ಅದೇ ವಾದ್ಯ ಹಿಡಿದು 1994ರಲ್ಲಿ ಅವರು ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ದೊಡ್ಡ ಸಂಗೀತೋತ್ಸವವಾದ ಬಿಬಿಸಿ ಪ್ರಾಮ್ಸ್‌ನಲ್ಲಿ ರಾಗ ನುಡಿಸಿದರು. ಅರಮನೆಯವರು ಆ ಸ್ಯಾಕ್ಸೊಫೋನನ್ನು ಹಿತ್ತಾಳೆ ಪಾತ್ರೆ ಅಂತ ಬರೆದು ಮಾರಿಬಿಟ್ಟಿದ್ದರೆ?

ಮಗಳ ಈಗಿನ ಸ್ಥಿತಿಯನ್ನೂ ಬರೆಯುತ್ತೇನೆ, ಅನುಕಂಪಕ್ಕಲ್ಲ. ಡಿಪ್ಲೊಮಾ ಆಗಿದೆ. ಬೆಂಗಳೂರಿನಲ್ಲಿ ಮೂರು ಕಛೇರಿ ಕೊಟ್ಟಿದ್ದಾಳೆ, ಒಂದಕ್ಕೆ ಹೋಗಿಬರುವ ಖರ್ಚು ಮಾತ್ರ ಸಿಕ್ಕಿತು. ವಾರದಲ್ಲಿ ಮೂರು ದಿನ ಎರಡು ಶಾಲೆಗಳಲ್ಲಿ ಸಂಗೀತದ ಮಿಸ್. ಡಿಸೆಂಬರ್ ಬಂದರೆ ಚರ್ಚುಗಳ ಗಾಯನ ತಂಡಗಳಿಗೆ ನುಡಿಸುತ್ತಾಳೆ. ಪ್ರವಾಸಿಗರ ಕಾಲದಲ್ಲಿ ಒಂದು ಹೋಟೆಲಿನಲ್ಲಿ ಊಟದ ಹೊತ್ತಿಗೆ. ಹೊರದೇಶದ ಸಂಗೀತ ಶಾಲೆಯೊಂದಕ್ಕೆ ಅರ್ಜಿ ಹಾಕಲು ಕತ್ತರಿಸದೆ, ಜೋಡಿಸದೆ ಒಂದೇ ಓಟದ ವಿಡಿಯೊ ಕಳಿಸಬೇಕಿತ್ತು. ಮನೆಯ ಪಿಯಾನೊ ಅರ್ಧ ಸ್ವರ ಕೆಳಗೆ, ಆಗಲ್ಲ. ಬೆಂಗಳೂರಿನಲ್ಲಿ ಗಂಟೆ ಲೆಕ್ಕದಲ್ಲಿ ಪಿಯಾನೊ ಬಾಡಿಗೆಗೆ ಹಿಡಿದಳು. ಎರಡು ಗಂಟೆಗೆ ದುಡ್ಡು ಇತ್ತು. ಮೊದಲ ಒಂದು ಗಂಟೆ ಆ ವಾದ್ಯದ ಕೈ ತಿಳಿಯುವುದರಲ್ಲೇ ಹೋಯಿತು. ಉತ್ತರ ಬಂತು, ಇಲ್ಲ ಅಂತ. ಅವಳು ನನಗೆ ಹೇಳಿದ್ದು ಇಷ್ಟೇ: "ಅಪ್ಪ, ಇನ್ನೊಂದು ಗಂಟೆ ಇದ್ದಿದ್ರೆ ಚೆನ್ನಾಗಿ ಬರ್ತಿತ್ತು."

ಸಂಜೆ ಮನೆಗೆ ಒಂಬತ್ತು ಮಕ್ಕಳು ಕಲಿಯಲು ಬರುತ್ತಾರೆ. ಕುವೆಂಪುನಗರದಿಂದ ಇಬ್ಬರು, ನಂಜನಗೂಡಿನಿಂದ ಒಬ್ಬ, ಅವನ ತಂದೆ ಬೈಕಿನಲ್ಲಿ ಕರೆತಂದು ಹೊರಗೆ ಜಗಲಿ ಮೇಲೆ ಕಾಯುತ್ತಾರೆ. ಎಲ್ಲರ ಮನೆಯಲ್ಲೂ ಇರುವುದು ಕೀಬೋರ್ಡು. ನಮ್ಮ ಮುದಿ ಎತ್ತಿನ ಮೇಲೆ ಅರ್ಧರ್ಧ ಗಂಟೆ ಕೂರುತ್ತಾರೆ. ಮೊನ್ನೆ ಆ ನಂಜನಗೂಡಿನ ಹುಡುಗ ನುಡಿಸುವುದನ್ನು ನೋಡುತ್ತಿದ್ದೆ. ಎಫ್ ಬಂದಾಗ ಅವನ ಉಗುರೂ ಮೇಲಕ್ಕೆ ಚಿಮ್ಮಿತು.

ಆದ್ದರಿಂದ ಮಾನ್ಯರೇ, ಕೇಳುವುದು ಇಷ್ಟು. 28ನೇ ತಾರೀಖಿನ ಪಟ್ಟಿಯಿಂದ ಹದಿನಾಲ್ಕನೇ ಸಾಲನ್ನು ತೆಗೆಯಿರಿ. ರಿಜಿಸ್ಟರಿನಲ್ಲಿ ಮೇಜು ಅನ್ನುವುದನ್ನು ಹೊಡೆದು ಪಿಯಾನೊ ಎಂದು ಬರೆದು ಸಹಿ ಹಾಕಿ. ಆಮೇಲೆ ಆಡಿಟ್‌ನವರು ಕೇಳಲಾರರು. ನನ್ನ ಮಾತು ನಂಬಬೇಡಿ, ಬೆಂಗಳೂರಿನಿಂದ ಬಲ್ಲವರೊಬ್ಬರನ್ನು ಕರೆಸಿ ತೋರಿಸಿ. ಸರಿಹೋಗುತ್ತದೆ ಅಂತ ಅವರು ಬರೆದುಕೊಟ್ಟರೆ ಕೆಲಸ ನನ್ನದು, ಕೂಲಿ ಬೇಡ, ಮಳೆ ನಿಂತ ಮೇಲೆ ಮೂರು ತಿಂಗಳು ಬೇಕು. ಅರ್ಜಿಯಲ್ಲಿ ಪಿಯಾನೊಗೆ ಒಂದು ಕಲಂ ಮಾಡಿ, ಅದಕ್ಕೆ ಕಾಗದ ಬಿಟ್ಟು ಬೇರೆ ಖರ್ಚಿಲ್ಲ. ಮುಖ್ಯವಾದದ್ದು ಇದು: ಸಭಾಂಗಣ ಖಾಲಿ ಬಿದ್ದಿರುವ ಬೆಳಗಿನ ಹೊತ್ತಿನಲ್ಲಿ, ದಿನಕ್ಕೆ ಎರಡು ಗಂಟೆ, ಕಲಿಯುವ ಮಕ್ಕಳಿಗೆ ಅದನ್ನು ಬಿಟ್ಟುಕೊಡಿ. ಪುಸ್ತಕದಲ್ಲಿ ಹೆಸರು ಬರೆಸಿಕೊಳ್ಳಿ, ಬೇಕಾದರೆ ಸಣ್ಣ ಶುಲ್ಕ ಇಡಿ. ಪಿಯಾನೊವನ್ನು ಬೀಗ ಹಾಕಿ ಕಾಪಾಡಲು ಆಗಲ್ಲ. ನುಡಿಸದೆ ಬಿಟ್ಟರೆ ನುಸಿಯೇ ಅದರ ಯಜಮಾನ.

"ಅಷ್ಟು ಆಸೆ ಇದ್ದರೆ ಹರಾಜಿನಲ್ಲಿ ನೀವೇ ಕೂಗಿ ತಗೊಳ್ಳಿ" ಅಂತ ಒಬ್ಬರು ಸಲಹೆ ಕೊಟ್ಟರು. ಒಂದು ರಾತ್ರಿ ಕೂತು ಅದನ್ನೂ ಯೋಚಿಸಿದೆ. ಕಬ್ಬಿಣದ ಬೆಲೆಗೆ ಸಿಗಬಹುದು. ಆದರೆ ನಮ್ಮ ಹಾಲು ಹತ್ತಡಿಗೆ ಹನ್ನೆರಡು. ಅದನ್ನಿಟ್ಟರೆ ನಾವು ಅದರ ಕೆಳಗೇ ಮಲಗಬೇಕು. ಅದೂ ಹೋಗಲಿ. ನಮ್ಮ ಮನೆಗೆ ಬಂದರೆ ಅದು ನನ್ನ ಮಗಳ ಪಿಯಾನೊ ಆಗುತ್ತದೆ. ನಂಜನಗೂಡಿನ ಹುಡುಗನಿಗೆ ಮತ್ತೆ ಅರ್ಧ ಗಂಟೆಯೇ. ಯಾರೋ ಪುಣ್ಯಾತ್ಮರು ಅದನ್ನು ಊರಿಗೆ ಕೊಟ್ಟಿದ್ದಾರೆ, ಅದು ಊರಿನಲ್ಲೇ ಇರಲಿ.

ಊರಿನವರಲ್ಲೂ ಒಂದು ಮಾತು. ಹರಾಜಿಗೆ ಮೊದಲು ಆಕ್ಷೇಪಣೆ ಬರೆದು ಕೊಡಬಹುದು ಎಂದು ಅದೇ ನೋಟಿಸಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇದೆ. ನಿಮ್ಮ ಮನೆಯಲ್ಲಿ ಕಲಿಯುವ ಮಗು ಇದ್ದರೆ, ಇಲ್ಲದಿದ್ದರೂ, ಒಂದು ಹಾಳೆ ಬರೆದು ಕೊಡಿ. ನಾನೊಬ್ಬನೇ ಕೊಟ್ಟರೆ ಅದು ನನ್ನ ಮಗಳಿಗಾಗಿ ಅಂತಾರೆ. ಹಾಗಂದರೆ ಪೂರ್ತಿ ಸುಳ್ಳೂ ಅಲ್ಲ.

ಅಧಿಕಾರಿಗಳೇ, ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಾನು ನಿಮ್ಮ ಕಚೇರಿಗೆ ಬರುತ್ತೇನೆ. ಶ್ರುತಿ ಮಾಡುವ ಕೀಲಿ, ಟಾರ್ಚು, ಹಳೇ ಅರ್ಜಿಗಳ ಪ್ರತಿ ತರುತ್ತೇನೆ. ಮಗಳಿಗೂ ಆ ದಿನ ಶಾಲೆಗೆ ರಜೆ ಹಾಕಲು ಹೇಳಿದ್ದೇನೆ. ಹನ್ನೊಂದು ತಂತಿ ಇಲ್ಲದಿದ್ದರೂ ಉಳಿದವುಗಳಲ್ಲಿ ಐದು ನಿಮಿಷ ಕೇಳಿಸುವಷ್ಟು ಅದರಲ್ಲಿ ಇನ್ನೂ ದನಿ ಇದೆ. ಕೋಣೆಯ ಬೀಗದ ಕೈ ವಾಚ್‌ಮನ್ ಹತ್ತಿರ ಇರುತ್ತದೆ. ನಾವು ಬರುವ ಹೊತ್ತಿಗೆ ಮೇಲಿರುವ ಫ್ಲಾಸ್ಕನ್ನು ಮಾತ್ರ ತೆಗೆಸಿಡಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಹಾರ್ಮೋನಿಯಂ ರಿಪೇರಿಯವ
ಶಿವರಾಂಪೇಟೆ, ಮೈಸೂರು